ಸ್ಮಾರ್ಟ್ ಸಿಟಿಯ ಸರಪಳಿಯಲ್ಲಿ ನಮ್ಮ ಕೊಂಡಿ ಎಲ್ಲಿದೆ?



'ಸ್ಮಾರ್ಟ್ ಸಿಟಿ' ಎಂಬ ಪದ ಈಗ ಯಾರಿಗೂ ಹೊಸದಲ್ಲ. ಬಸ್ ತಂಗುದಾಣದ ಮೇಲೆ, ಕಸದ ಗಾಡಿಯ ಬದಿಯಲ್ಲಿ, ರಸ್ತೆ ಅಗೆದ ಕಡೆ ನಿಲ್ಲಿಸಿದ ತಗಡಿನ ಫಲಕದ ಮೇಲೆ, ಹೀಗೆ ಎಲ್ಲ ಕಡೆ ಆ ಹೆಸರನ್ನು ಓದಿದ್ದೇವೆ. ಆದರೆ ಸ್ವಸಹಾಯ ಸಂಘದ ಸಭೆಗಳಲ್ಲಿ ಇದರ ವಿಷಯ ಬಂದಾಗ ನಮ್ಮ ಕಿವಿಗೆ ಬೀಳುವ ಮಾತು ಹೆಚ್ಚಾಗಿ ಎರಡೇ. ಒಂದು, "ಅದೆಲ್ಲ ಕಾರು ಇದ್ದವರಿಗೆ, ಓದಿದವರಿಗೆ. ನಮಗೇನು?" ಇನ್ನೊಂದು, "ಎಲ್ಲಾ ಕಡೆ ಕ್ಯಾಮೆರಾ ಹಾಕಿದ್ದಾರಂತೆ, ಏನು ಮಾಡಿದ್ರೂ ಅವರಿಗೆ ಗೊತ್ತಾಗುತ್ತಂತೆ." ಒಂದರಲ್ಲಿ ಉದಾಸೀನ, ಇನ್ನೊಂದರಲ್ಲಿ ಭಯ. ಎರಡಕ್ಕೂ ಕಾರಣ ಒಂದೇ: ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಅಂತ ಯಾರೂ ನಮಗೆ ಕೂರಿಸಿಕೊಂಡು ಹೇಳಿಲ್ಲ.

ಗೊತ್ತಿಲ್ಲದ ವಿಷಯಕ್ಕೆ ಹೆದರುವುದೂ ಸುಲಭ, ಅದನ್ನು ಬೇರೆಯವರಿಗೆ ಬಿಟ್ಟುಬಿಡುವುದೂ ಸುಲಭ. ಆದರೆ ನಮ್ಮ ಬೀದಿಯ ದೀಪ, ನಲ್ಲಿಯ ನೀರು, ಮನೆಯ ಕಸ, ಬೀದಿ ಗುಡಿಸುವವರ ಸಂಬಳ ಇವೆಲ್ಲ ಒಂದೊಂದಾಗಿ ಈ ತಂತ್ರಜ್ಞಾನದ ಜೊತೆ ಜೋಡಣೆಯಾಗುತ್ತಿವೆ. ಆದ್ದರಿಂದ ಇದನ್ನು ತಿಳಿದುಕೊಳ್ಳುವುದು ರೇಷನ್ ಕಾರ್ಡಿನ ನಿಯಮ ತಿಳಿದುಕೊಂಡಷ್ಟೇ ಅಗತ್ಯ. ಈ ಸಂಚಿಕೆಯಲ್ಲಿ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಯೋಜನೆ ನಡೆದು ಬಂದ ದಾರಿ

ಕೇಂದ್ರ ಸರ್ಕಾರವು ಸ್ಮಾರ್ಟ್ ಸಿಟಿ ಮಿಷನ್ ಅನ್ನು 2015ರ ಜೂನ್ 25ರಂದು ಆರಂಭಿಸಿತು. ದೇಶದ 100 ನಗರಗಳನ್ನು ಸ್ಪರ್ಧೆಯ ಮೂಲಕ ಹಂತ ಹಂತವಾಗಿ ಆಯ್ಕೆ ಮಾಡಲಾಯಿತು. ನಮ್ಮ ರಾಜ್ಯದಿಂದ ಏಳು ನಗರಗಳು ಸೇರಿದವು. 2016ರ ಜನವರಿಯಲ್ಲಿ ಬೆಳಗಾವಿ ಮತ್ತು ದಾವಣಗೆರೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ ಮತ್ತು ತುಮಕೂರು, 2017ರ ಜೂನಿನಲ್ಲಿ ಬೆಂಗಳೂರು. ಕೆಲಸ ನಡೆಸಲು ಪ್ರತಿಯೊಂದು ನಗರದಲ್ಲೂ ಒಂದು ಪ್ರತ್ಯೇಕ ಕಂಪನಿ ರಚನೆಯಾಯಿತು. ಅದರಲ್ಲಿ ರಾಜ್ಯ ಸರ್ಕಾರಕ್ಕೂ ಸ್ಥಳೀಯ ಸಂಸ್ಥೆಗೂ ಸಮಪಾಲು. ಕೇಂದ್ರದ ಪಾಲು 48,000 ಕೋಟಿ ರೂಪಾಯಿ ಎಂದು ನಿಗದಿಯಾಗಿ, ರಾಜ್ಯಗಳೂ ಅಷ್ಟೇ ಹಣ ಹಾಕಬೇಕೆಂದಿತ್ತು. ಐದು ವರ್ಷದ ಯೋಜನೆ ಹಲವು ಬಾರಿ ವಿಸ್ತರಣೆಯಾಗಿ ಕೊನೆಗೆ 2025ರ ಮಾರ್ಚ್ 31ಕ್ಕೆ ಮುಗಿಯಿತು.

ಹಣದ ದೊಡ್ಡ ಭಾಗ ರಸ್ತೆ, ಚರಂಡಿ, ನೀರು, ಮಾರುಕಟ್ಟೆ, ಉದ್ಯಾನ ಇಂಥ ಕಣ್ಣಿಗೆ ಕಾಣುವ ಕಾಮಗಾರಿಗಳಿಗೇ ಹೋಯಿತು. ಆದರೆ 100 ನಗರಗಳಲ್ಲೂ ತಪ್ಪದೇ ಆದ ಒಂದು ಕೆಲಸವಿದೆ. ಅದು ಕಮಾಂಡ್ ಮತ್ತು ಕಂಟ್ರೋಲ್ ಸೆಂಟರ್. ಒಂದು ದೊಡ್ಡ ಕೋಣೆ, ಗೋಡೆ ತುಂಬ ಪರದೆಗಳು, ಕಂಪ್ಯೂಟರ್ ಮುಂದೆ ಕುಳಿತ ಸಿಬ್ಬಂದಿ. ನಗರದ ಬೇರೆ ಬೇರೆ ಕಡೆಯಿಂದ ಬರುವ ಮಾಹಿತಿಯನ್ನು ಒಂದೇ ಜಾಗದಲ್ಲಿ ನೋಡುವುದು ಇದರ ಉದ್ದೇಶ. 2020ರಲ್ಲಿ ಕೊರೊನಾ ಬಂದಾಗ ಅನೇಕ ನಗರಗಳಲ್ಲಿ ಇವೇ ಕೇಂದ್ರಗಳು ವಾರ್ ರೂಂಗಳಾಗಿ ಕೆಲಸ ಮಾಡಿದ್ದು ನೆನಪಿರಬಹುದು.

ಮಿಷನ್ ಮುಗಿಯಿತು ಅಂದ ಮಾತ್ರಕ್ಕೆ ವಿಷಯ ಮುಗಿಯಲಿಲ್ಲ. ಯಂತ್ರಗಳು ಉಳಿದಿವೆ. ಅವುಗಳ ಕರೆಂಟ್ ಬಿಲ್ಲು, ಸಿಮ್ ಕಾರ್ಡಿನ ಶುಲ್ಕ, ರಿಪೇರಿ, ಸಿಬ್ಬಂದಿಯ ಸಂಬಳ ಇವನ್ನೆಲ್ಲ ಇನ್ನು ಮುಂದೆ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳೇ ನೋಡಿಕೊಳ್ಳಬೇಕು. ಅಂದರೆ ಕೊನೆಗೆ ನಾವು ಕಟ್ಟುವ ತೆರಿಗೆಯಿಂದಲೇ ಇದು ನಡೆಯಬೇಕು. ಕೇಳುವ ಹಕ್ಕು ನಮಗೆ ಬರುವುದು ಅಲ್ಲಿಂದಲೇ.

ವಸ್ತುಗಳು ಮಾತಾಡುವುದು ಹೇಗೆ?

ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಒಳಗೆ ಒಂದು ತೇಲುವ ಚೆಂಡು ಇರುತ್ತದೆ. ನೀರು ತುಂಬಿದಂತೆ ಚೆಂಡು ಮೇಲೆ ಬಂದು ನಲ್ಲಿಯನ್ನು ಮುಚ್ಚುತ್ತದೆ. ಚೆಂಡಿಗೆ ನೀರಿನ ಮಟ್ಟ 'ಗೊತ್ತು'. ಆದರೆ ಅದು ಗೊತ್ತಾದದ್ದು ಟ್ಯಾಂಕಿನ ಒಳಗೇ ಉಳಿಯುತ್ತದೆ. ಈಗ ಅದೇ ಚೆಂಡಿನ ಜಾಗದಲ್ಲಿ ನೀರಿನ ಮಟ್ಟ ಅಳೆಯುವ ಒಂದು ಸಣ್ಣ ಸಾಧನ ಇಟ್ಟು, ಅದಕ್ಕೊಂದು ಸಿಮ್ ಕಾರ್ಡ್ ಹಾಕಿದರೆ? ಊರಿನ ಇನ್ನೊಂದು ತುದಿಯಲ್ಲಿ ಕುಳಿತವರಿಗೂ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅಂತ ತಿಳಿಯುತ್ತದೆ. ಇದಕ್ಕೇ 'ಇಂಟರ್‌ನೆಟ್ ಆಫ್ ಥಿಂಗ್ಸ್' ಅಂತಾರೆ. ಸರಳವಾಗಿ ಹೇಳುವುದಾದರೆ ವಸ್ತುಗಳ ಅಂತರ್ಜಾಲ. 1999ರಲ್ಲಿ ಕೆವಿನ್ ಆಷ್ಟನ್ ಎಂಬುವರು ಈ ಹೆಸರನ್ನು ಬಳಕೆಗೆ ತಂದರು.

ದೀಪವಿರಲಿ, ನೀರಿರಲಿ, ಕಸವಿರಲಿ, ಎಲ್ಲದರಲ್ಲೂ ನಾಲ್ಕು ಕೊಂಡಿಗಳ ಒಂದು ಸರಪಳಿ ಇರುತ್ತದೆ.

1. ಅಳೆಯುವುದು. ಸೆನ್ಸರ್, ಕ್ಯಾಮೆರಾ, ಮೀಟರ್ ಅಥವಾ ಬಾಗಿಲಿಗೆ ಅಂಟಿಸಿದ ಚಿಪ್ಪಿನ ಕಾರ್ಡು ಈ ಕೆಲಸ ಮಾಡುತ್ತದೆ.
2. ಕಳುಹಿಸುವುದು. ಸಿಮ್ ಕಾರ್ಡ್ ಅಥವಾ ನೆಲದೊಳಗಿನ ಕೇಬಲ್ ಮೂಲಕ ಮಾಹಿತಿ ಹೋಗುತ್ತದೆ.
3. ನೋಡುವುದು. ಕಂಟ್ರೋಲ್ ರೂಮಿನ ಪರದೆಯ ಮೇಲೆ ಅಂಕಿ, ಬಣ್ಣ, ನಕ್ಷೆಗಳಾಗಿ ಅದು ಕಾಣಿಸುತ್ತದೆ.
4. ಮಾಡುವುದು. ಯಾರೋ ಒಬ್ಬರು ಎದ್ದು ಹೋಗಿ ವಾಲ್ವ್ ತಿರುಗಿಸಬೇಕು, ಬಲ್ಬು ಬದಲಿಸಬೇಕು, ಚರಂಡಿ ಬಿಡಿಸಬೇಕು, ಕಸ ಎತ್ತಬೇಕು.

ಮೊದಲ ಮೂರು ಕೊಂಡಿಗಳನ್ನು ಟೆಂಡರ್ ಕರೆದು ಕೊಂಡುಕೊಳ್ಳಬಹುದು. ನಾಲ್ಕನೆಯದು ಮನುಷ್ಯ. ಆ ಮನುಷ್ಯನ ಕೆಲಸ, ಸಂಬಳ, ಕಷ್ಟ, ಮರ್ಯಾದೆ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಎಷ್ಟು ಕೋಟಿಯ ಯಂತ್ರವಾದರೂ ಪರದೆಯ ಮೇಲಿನ ಬಣ್ಣವಾಗಿ ಉಳಿಯುತ್ತದೆ. ನಾವು ಹೇಳಬೇಕೆಂದಿರುವ ಮುಖ್ಯ ವಿಷಯ ಇದೇ. ಇದು ಬರೀ ನಮ್ಮ ಅಭಿಪ್ರಾಯವಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಒಂದು ಉದಾಹರಣೆ ಇದೆ.

ನೀರು ಬರುವ ಸಂದೇಶ: ಹುಬ್ಬಳ್ಳಿಯಿಂದ ಬೆಂಗಳೂರಿಗೆ

ಸ್ಮಾರ್ಟ್ ಸಿಟಿ ಮಿಷನ್ ಬರುವುದಕ್ಕೂ ಮೊದಲಿನ ಮಾತಿದು. ಹುಬ್ಬಳ್ಳಿ-ಧಾರವಾಡದಲ್ಲಿ ಆಗ ಬಹುತೇಕ ಬಡಾವಣೆಗಳಿಗೆ ನೀರು ಬರುತ್ತಿದ್ದದ್ದು ಮೂರರಿಂದ ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡವಾಗಿ. ಯಾವ ಹೊತ್ತಿಗೆ ಬರುತ್ತೆ ಅಂತ ಖಾತ್ರಿ ಇಲ್ಲ. ನೀರು ಬರುವ ದಿನ ಮನೆಯಲ್ಲಿ ಒಬ್ಬರು ಕಾಯಲೇಬೇಕು. ಆ ಒಬ್ಬರು ಯಾರು ಅಂತ ಹೇಳಬೇಕಾಗಿಲ್ಲ. ಹೆಂಗಸರು, ಇಲ್ಲವೇ ಶಾಲೆ ಬಿಡಿಸಿ ಕೂರಿಸಿದ ಹೆಣ್ಣುಮಕ್ಕಳು. ಕೂಲಿ ಹೋಗುವವರಿಗೆ ಅಂದಿನ ಕೂಲಿ ಖೋತಾ.

2010-11ರ ಹೊತ್ತಿಗೆ 'ನೆಕ್ಸ್ಟ್‌ಡ್ರಾಪ್' ಎಂಬ ಸಂಸ್ಥೆ ಅಲ್ಲಿ ಒಂದು ಸರಳ ಉಪಾಯ ಮಾಡಿತು. ಬಡಾವಣೆಗೆ ನೀರು ಬಿಡುವ ವಾಲ್ವ್‌ಮನ್ ವಾಲ್ವ್ ತಿರುಗಿಸುವಾಗ ಒಂದು ನಂಬರಿಗೆ ಫೋನ್ ಮಾಡಿ ತಿಳಿಸಬೇಕು. ಕೂಡಲೇ ಆ ಬಡಾವಣೆಯವರ ಮೊಬೈಲಿಗೆ "ಇನ್ನು ಸ್ವಲ್ಪ ಹೊತ್ತಿನಲ್ಲಿ ನೀರು ಬರುತ್ತದೆ" ಅಂತ ಸಂದೇಶ ಹೋಗುತ್ತದೆ. ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ, ಸಾದಾ ಮೊಬೈಲ್ ಸಾಕು. ಕೇಳಲು ಎಷ್ಟು ಚೆನ್ನಾಗಿದೆ! ಮುಂದೆ ಇದೇ ಸೇವೆ ಬೆಂಗಳೂರಿಗೂ ಬಂತು.

ಅಮೆರಿಕಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಸಂಶೋಧಕರು ಬೆಂಗಳೂರಿನಲ್ಲಿ ಈ ಸೇವೆಯನ್ನು ಮನೆ ಮನೆಗೆ ಹೋಗಿ ಅಭ್ಯಾಸ ಮಾಡಿದರು. ಅವರ ವರದಿ 2018ರಲ್ಲಿ ಪ್ರಕಟವಾಯಿತು. ಸಂದೇಶದಿಂದ ಮನಸ್ಸಿನ ಒತ್ತಡ ಸ್ವಲ್ಪ ಕಡಿಮೆಯಾಗಿತ್ತು, ಆದರೆ ನೀರಿಗಾಗಿ ಕಾಯುವ ಸಮಯ ಕಡಿಮೆಯಾಗಿರಲಿಲ್ಲ. ಯಾಕೆ? ಅವರು ಕಂಡುಕೊಂಡ ದೊಡ್ಡ ಕಾರಣ ಎರಡು.

ಮೊದಲನೆಯದು, ವಾಲ್ವ್‌ಮನ್‌ಗಳು ಎಲ್ಲ ಸಲ ಮಾಹಿತಿ ಕೊಡುತ್ತಿರಲಿಲ್ಲ. ಸ್ವಲ್ಪ ಅವರ ಜಾಗದಲ್ಲಿ ನಿಂತು ಯೋಚಿಸಿ ನೋಡೋಣ. ಬೆಳಗಿನ ಜಾವದಿಂದ ಒಂದು ವಾಲ್ವಿನಿಂದ ಇನ್ನೊಂದಕ್ಕೆ ಓಡಾಟ, ಎಲ್ಲಿ ನೀರು ತಡವಾದರೂ ಜನರ ಬೈಗುಳ. ಅದರ ಮೇಲೆ ಇನ್ನೊಂದು ಕೆಲಸ ಹೊರಿಸಿದರೆ ಅದರಿಂದ ಅವರಿಗೆ ಏನು ಸಿಗುತ್ತದೆ?

ಎರಡನೆಯದು ನಮ್ಮ ಮನೆಯೊಳಗಿನ ವಿಷಯ. ನೀರಿಗೆ ಕಾಯುವವರು ಹೆಂಗಸರು, ಸಂದೇಶ ಹೋಗುವ ಫೋನು ಗಂಡಸರ ಜೇಬಿನಲ್ಲಿ. ಗಂಡ ಕೆಲಸಕ್ಕೆ ಹೋದಾಗ ಫೋನೂ ಹೋಯಿತು, ಸಂದೇಶವೂ ಹೋಯಿತು. ಇವಳು ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಕೂತೇ ಇದ್ದಾಳೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು 2015-16ರಲ್ಲಿ ಸುಮಾರು ಶೇಕಡ 46, 2019-21ರಲ್ಲಿ ಸುಮಾರು ಶೇಕಡ 54. ಅಂದರೆ ಆಗಲೂ ದೇಶದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರ ಕೈಗೆ ಇಂಥ ಸಂದೇಶ ನೇರವಾಗಿ ತಲುಪುವಂತಿರಲಿಲ್ಲ.

ಯಂತ್ರದಲ್ಲಿ ದೋಷವಿರಲಿಲ್ಲ. ಸರಪಳಿ ತುಂಡಾದದ್ದು ಮನುಷ್ಯರ ಕೊಂಡಿಯಲ್ಲಿ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ನೀರು ಯಾವಾಗ ಬರುತ್ತೆ ಅಂತ ತಿಳಿಸುವುದು ಒಂದು, ನೀರೇ ಯಾವಾಗಲೂ ಇರುವಂತೆ ಮಾಡುವುದು ಇನ್ನೊಂದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ 2008ರಿಂದ ಪ್ರಾಯೋಗಿಕವಾಗಿ 24 ಗಂಟೆ ನೀರು ಕೊಡಲಾಯಿತು. ಅಲ್ಲಿ ಕಾಯುವ ಪ್ರಶ್ನೆಯೇ ಬರಲಿಲ್ಲ. ಹಾಗಾಗಿ "ಆ್ಯಪ್ ಬಂದಿದೆ" ಅಂದಾಗ ನಾವು ಕೇಳಬೇಕಾದದ್ದು, ಇದು ತೊಂದರೆಯನ್ನು ನಿವಾರಿಸುತ್ತದೆಯೋ ಅಥವಾ ತೊಂದರೆಯ ಜೊತೆ ಬದುಕುವುದನ್ನು ಕಲಿಸುತ್ತದೆಯೋ ಎಂದು.

ದೀಪ, ಸಿಗ್ನಲ್, ಕಸ, ಮಳೆ

ಇದೇ ಸರಪಳಿಯನ್ನು ಹಿಡಿದು ನಮ್ಮ ಸುತ್ತಮುತ್ತಲಿನ ಕೆಲವು ವ್ಯವಸ್ಥೆಗಳನ್ನು ನೋಡೋಣ.

ಬೀದಿ ದೀಪ: ಹಳೆಯ ದೀಪಗಳನ್ನು ತೆಗೆದು ಎಲ್‌ಇಡಿ ಹಾಕಿದಾಗ ವಿದ್ಯುತ್ ಉಳಿಯುತ್ತದೆ, ಇದು ನಿಜವಾದ ಲಾಭ. ಸಾಮಾನ್ಯವಾಗಿ ಹಲವು ದೀಪಗಳಿಗೆ ಒಂದು ನಿಯಂತ್ರಣ ಪೆಟ್ಟಿಗೆ ಇರುತ್ತದೆ. ಅದು ಹೊತ್ತಿಗೆ ಸರಿಯಾಗಿ ದೀಪ ಹಚ್ಚಿ ಆರಿಸುತ್ತದೆ, ಎಷ್ಟು ಕರೆಂಟ್ ಹೋಗುತ್ತಿದೆ ಎಂಬುದನ್ನು ಕಂಟ್ರೋಲ್ ರೂಮಿಗೆ ತಿಳಿಸುತ್ತದೆ. ಆದರೆ ಆ ಗುಂಪಿನಲ್ಲಿ ನಮ್ಮ ಓಣಿಯ ಕೊನೆಯ ಒಂದು ದೀಪ ಕೆಟ್ಟರೆ ಅದು ಯಾವ ದೀಪ ಅಂತ ಪೆಟ್ಟಿಗೆಗೆ ತಿಳಿಯುವುದಿಲ್ಲ. ಪ್ರತಿಯೊಂದು ದೀಪಕ್ಕೂ ಬೇರೆ ಸಾಧನ ಹಾಕಿದ್ದರೆ ಮಾತ್ರ ತಿಳಿಯುತ್ತದೆ. ಆದ್ದರಿಂದ "ಸ್ಮಾರ್ಟ್ ದೀಪ ಅಲ್ವಾ, ಅವರಿಗೇ ಗೊತ್ತಾಗುತ್ತೆ" ಅಂತ ಸುಮ್ಮನೆ ಕೂರಬೇಡಿ. ಕಂಬದ ನಂಬರ್ ಬರೆದುಕೊಂಡು ದೂರು ಕೊಡಿ, ದೂರಿನ ಸಂಖ್ಯೆ ಪಡೆಯಿರಿ.

ಟ್ರಾಫಿಕ್ ಸಿಗ್ನಲ್: ಬೆಂಗಳೂರಿನ ಅನೇಕ ವೃತ್ತಗಳಲ್ಲಿ 2024ರಿಂದ ವಾಹನಗಳ ಸಂಖ್ಯೆ ನೋಡಿ ಹಸಿರು ದೀಪದ ಸಮಯ ತಾನಾಗಿ ಹೆಚ್ಚು ಕಡಿಮೆಯಾಗುವ ಸಿಗ್ನಲ್‌ಗಳು ಬಂದಿವೆ. ಕೇಂದ್ರ ಸರ್ಕಾರದ ಸಂಸ್ಥೆಯಾದ ಸಿ-ಡ್ಯಾಕ್ ಇದರ ತಂತ್ರಾಂಶ ತಯಾರಿಸಿದೆ. ಖಾಲಿ ರಸ್ತೆಗೆ ಸುಮ್ಮನೆ ಹಸಿರು ಉರಿಯುವುದು ತಪ್ಪುತ್ತದೆ. ಒಳ್ಳೆಯದೇ. ಆದರೆ ಇಂಥ ವ್ಯವಸ್ಥೆ ಮುಖ್ಯವಾಗಿ ಎಣಿಸುವುದು ವಾಹನಗಳನ್ನು. ಕೋಲು ಹಿಡಿದು ನಿಧಾನಕ್ಕೆ ದಾಟುವ ಅಜ್ಜಿ, ತಲೆ ಮೇಲೆ ಹೂವಿನ ಬುಟ್ಟಿ ಹೊತ್ತವಳು, ಶಾಲೆ ಮಕ್ಕಳು, ಇವರಿಗೆ ದಾಟಲು ಎಷ್ಟು ಸೆಕೆಂಡ್ ಬೇಕು ಎಂಬುದನ್ನು ಮನುಷ್ಯರೇ ಹೇಳಿ ಸೇರಿಸಬೇಕು. ಹೇಳದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ.

ಕಸ: ಹಲವು ನಗರಗಳಲ್ಲಿ ಮನೆ ಬಾಗಿಲಿಗೆ ಚಿಪ್ ಇರುವ ಸಣ್ಣ ಕಾರ್ಡ್ ಅಂಟಿಸಿದ್ದಾರೆ. ಕಸ ತೆಗೆದುಕೊಳ್ಳಲು ಬಂದವರು ಅದನ್ನು ಯಂತ್ರದಿಂದ ಮುಟ್ಟಿದರೆ 'ಈ ಮನೆಗೆ ಬಂದಾಯಿತು' ಅಂತ ದಾಖಲಾಗುತ್ತದೆ. ವಾಹನ ಬಂತೋ ಇಲ್ಲವೋ ಎಂಬ ಜಗಳಕ್ಕೆ ಇದರಿಂದ ಸಾಕ್ಷಿ ಸಿಗುತ್ತದೆ. ಆದರೆ ಮನೆ ನಂಬರೇ ಇಲ್ಲದ ಗುಡಿಸಲಿಗೆ ಕಾರ್ಡ್ ಅಂಟಿಸಿದ್ದಾರಾ ಅಂತ ನೋಡಿ. ಕಾರ್ಡ್ ಇಲ್ಲದ ಮನೆ ಪರದೆಯ ಮೇಲೆ ಇಲ್ಲವೇ ಇಲ್ಲ. ಆಗ ಕಸ ತೆಗೆಯದೆಯೂ "ನೂರಕ್ಕೆ ನೂರು ಮನೆ ಮುಟ್ಟಿದ್ದೇವೆ" ಅಂತ ವರದಿ ಬರಲು ಸಾಧ್ಯ.

ಮಳೆ: ಇದು ನಾವು ಹೆಮ್ಮೆಪಡಬಹುದಾದ ವಿಷಯ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಉದ್ದಗಲಕ್ಕೂ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಹೆಚ್ಚುಕಡಿಮೆ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು. 15 ನಿಮಿಷಕ್ಕೊಮ್ಮೆ ಅವು ಲೆಕ್ಕ ಕಳುಹಿಸುತ್ತವೆ. 2020ರಲ್ಲಿ ಬೆಂಗಳೂರಿನವರಿಗಾಗಿ 'ಮೇಘ ಸಂದೇಶ' ಎಂಬ ಆ್ಯಪ್ ಬಂತು. ಎಲ್ಲಿ ಎಷ್ಟು ಮಳೆ, ಎಲ್ಲಿ ನೀರು ನಿಲ್ಲಬಹುದು ಅಂತ ತಿಳಿಸಲು ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಮಾಡಿದ ಕೆಲಸ ಅದು. ಆದರೂ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗ ದಿನಗಟ್ಟಲೆ ನೀರಿನಲ್ಲಿ ನಿಂತಿತು. ಮಳೆಮಾಪಕ ಮಳೆ ಎಷ್ಟು ಬಂತು ಅಂತ ಹೇಳಬಲ್ಲದು. ಒತ್ತುವರಿಯಾದ ರಾಜಕಾಲುವೆಯನ್ನು ಬಿಡಿಸಲು ಅದಕ್ಕೆ ಕೈ ಇಲ್ಲ.

ಕೈಗೆ ಕಟ್ಟಿದ ಗಡಿಯಾರ

ಮೇಲಿನ ಉದಾಹರಣೆಗಳಲ್ಲಿ ಅಳೆಯುತ್ತಿದ್ದದ್ದು ನೀರು, ಕರೆಂಟು, ಮಳೆಯನ್ನು. ಮನುಷ್ಯರನ್ನೇ ಅಳೆಯಲು ಹೊರಟರೆ ಏನಾಗುತ್ತದೆ? ಇದನ್ನು ಮೊದಲು ಅನುಭವಿಸಿದವರು ನಮ್ಮ ಪೌರಕಾರ್ಮಿಕರು.

ನಾಗಪುರ, ಚಂಡೀಗಢ, ಪಂಚಕುಲ ಮುಂತಾದ ನಗರಗಳಲ್ಲಿ ಸ್ವಚ್ಛತಾ ಕೆಲಸಗಾರರ ಕೈಗೆ ಜಿಪಿಎಸ್ ಇರುವ ಗಡಿಯಾರ ಕಟ್ಟಲಾಯಿತು. ಅವರು ಎಲ್ಲಿದ್ದಾರೆ, ಎಷ್ಟು ಹೊತ್ತು ನಿಂತರು ಎಂಬುದು ಕಂಟ್ರೋಲ್ ರೂಮಿನಲ್ಲಿ ಚುಕ್ಕಿಯಾಗಿ ಕಾಣುತ್ತದೆ. 2020ರಲ್ಲಿ ಚಂಡೀಗಢದ ಕೆಲಸಗಾರರು ಇದನ್ನು ವಿರೋಧಿಸಿ ಬೀದಿಗಿಳಿದರು. ಗಡಿಯಾರದ ಬ್ಯಾಟರಿ ಮುಗಿದರೆ ಸಂಬಳ ಕತ್ತರಿಸುತ್ತಾರೆಂಬ ಆತಂಕ ಒಂದು ಕಡೆ. ಶೌಚಕ್ಕೆ ಹೋದಾಗಲೂ ಯಾರೋ ನೋಡುತ್ತಿದ್ದಾರೋ ಏನೋ ಎಂಬ ಹೆಣ್ಣುಮಕ್ಕಳ ಸಂಕಟ ಇನ್ನೊಂದು ಕಡೆ. ಬೀದಿ ಗುಡಿಸುವವಳು ಹತ್ತು ನಿಮಿಷ ಮರದ ನೆರಳಲ್ಲಿ ಕೂತರೆ ಪರದೆಗೆ ಅದು 'ನಿಂತ ಚುಕ್ಕಿ'. ಅವಳಿಗೆ ಆ ದಿನ ಜ್ವರವಿತ್ತೋ, ಪೊರಕೆ ಮುರಿದಿತ್ತೋ, ಕುಡಿಯಲು ನೀರು ಕೇಳಲು ಯಾರದೋ ಮನೆ ಬಾಗಿಲಲ್ಲಿ ನಿಂತಿದ್ದಳೋ, ಚುಕ್ಕಿ ಅದನ್ನು ಹೇಳುವುದಿಲ್ಲ.

ಹಾಗಂತ ಎಲ್ಲ ದಾಖಲೆಯೂ ಕೆಟ್ಟದ್ದೇ? ಇಲ್ಲ. ಬೆಂಗಳೂರಿನಲ್ಲಿ 2017ರ ಹೊತ್ತಿಗೆ ಪೌರಕಾರ್ಮಿಕರಿಗೆ ಬೆರಳಚ್ಚಿನ ಹಾಜರಾತಿ ಬಂದಾಗ ಗುತ್ತಿಗೆದಾರರ ಪಟ್ಟಿಯಲ್ಲಿದ್ದ ಹೆಸರುಗಳಿಗೂ ನಿಜವಾಗಿ ಕೆಲಸ ಮಾಡುವವರ ಸಂಖ್ಯೆಗೂ ದೊಡ್ಡ ಅಂತರ ಹೊರಬಿತ್ತು. ಇಲ್ಲದವರ ಹೆಸರಿನಲ್ಲಿ ಹೋಗುತ್ತಿದ್ದ ಹಣದ ಪ್ರಶ್ನೆ ಎದ್ದಿತು. ಅದೇ ಹೊತ್ತಿಗೆ, ವರ್ಷಗಟ್ಟಲೆ ಪೊರಕೆ ಹಿಡಿದು ಬೆರಳ ಗೆರೆ ಸವೆದವರ ಹಾಜರಾತಿಯನ್ನು ಯಂತ್ರ ತಿರಸ್ಕರಿಸಿದರೆ ಏನು ಗತಿ ಎಂಬ ಪ್ರಶ್ನೆಯೂ ಇದೆ. ಅದೇ ಯಂತ್ರ ಗುತ್ತಿಗೆದಾರನ ಮೋಸವನ್ನು ತೋರಿಸಬಲ್ಲದು, ಕೆಲಸಗಾರ್ತಿಯ ಒಂದು ದಿನದ ಕೂಲಿಯನ್ನು ತಿನ್ನಲೂಬಲ್ಲದು. ಯಾವುದು ಆಗುತ್ತದೆ ಎಂಬುದು ನಿಯಮ ಬರೆಯುವಾಗ ಯಾರು ಕೂತಿದ್ದರು ಎಂಬುದರ ಮೇಲೆ ನಿಂತಿದೆ. ಯಂತ್ರ ತಪ್ಪು ತೋರಿಸಿದರೆ ಅದನ್ನು ಸರಿಪಡಿಸುವ ಅಧಿಕಾರಿ ಯಾರು? ಎಷ್ಟು ದಿನದೊಳಗೆ? ಅಲ್ಲಿಯವರೆಗೆ ಸಂಬಳ ನಿಲ್ಲುತ್ತದೆಯೇ? ಈ ಮೂರು ಪ್ರಶ್ನೆಗೆ ಲಿಖಿತ ಉತ್ತರ ಇಲ್ಲದ ಯಾವ ಹಾಜರಾತಿ ಯಂತ್ರವನ್ನೂ ಕೆಲಸಗಾರರ ಸಂಘ ಸುಮ್ಮನೆ ಒಪ್ಪಿಕೊಳ್ಳಬಾರದು.

ನೋಡುವ ಕಣ್ಣುಗಳು

ಕ್ಯಾಮೆರಾಗಳ ವಿಷಯಕ್ಕೆ ಬರೋಣ. ಹೆಣ್ಣುಮಕ್ಕಳ ಸುರಕ್ಷತೆಗಾಗಿ ನಿರ್ಭಯಾ ನಿಧಿಯಿಂದ ದೇಶದ ಎಂಟು ಮಹಾನಗರಗಳಲ್ಲಿ 'ಸೇಫ್ ಸಿಟಿ' ಯೋಜನೆ ಬಂತು. ಬೆಂಗಳೂರು ಅದರಲ್ಲೊಂದು. ಇಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳನ್ನು ಜೋಡಿಸಿ, 2023ರ ನವೆಂಬರಿನಲ್ಲಿ ಕಮಾಂಡ್ ಸೆಂಟರ್ ಆರಂಭಿಸಲಾಯಿತು. ಬಟನ್ ಒತ್ತಿದರೆ ಪೊಲೀಸರಿಗೆ ಸಂಪರ್ಕ ಸಿಗುವ ಕಂಬಗಳನ್ನೂ ಕೆಲವು ಕಡೆ ನಿಲ್ಲಿಸಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬರುವ ಗಾರ್ಮೆಂಟ್ಸ್ ಹುಡುಗಿಗೆ ಇದರಿಂದ ಧೈರ್ಯ ಬಂದರೆ ನಮಗೆ ಸಂತೋಷವೇ. ಆದರೆ ಬಟನ್ ಒತ್ತಿದ ಮೇಲೆ ಎಷ್ಟು ನಿಮಿಷದಲ್ಲಿ ಯಾರು ಬರುತ್ತಾರೆ ಎಂಬ ನಾಲ್ಕನೇ ಕೊಂಡಿಯನ್ನು ಇಲ್ಲೂ ಕೇಳಬೇಕು.

ಇನ್ನೊಂದು ಎಚ್ಚರಿಕೆ ಬೇಕು. ಒಂದು ಉದ್ದೇಶಕ್ಕೆ ಹಾಕಿದ ಕಣ್ಣು ನಿಧಾನವಾಗಿ ಇನ್ನೊಂದು ಉದ್ದೇಶಕ್ಕೆ ಬಳಕೆಯಾಗುತ್ತದೆ. ಅಮೆರಿಕಾದ ಸ್ಯಾನ್ ಡಿಯಾಗೋ ನಗರದಲ್ಲಿ ಹೀಗೇ ಆಯಿತು. 2016ರಲ್ಲಿ ಅಲ್ಲಿನ ನಗರಸಭೆ 3,000ಕ್ಕೂ ಹೆಚ್ಚು 'ಸ್ಮಾರ್ಟ್ ಬೀದಿ ದೀಪ'ಗಳಿಗೆ ಒಪ್ಪಿಗೆ ಕೊಟ್ಟಿತು. ವಿದ್ಯುತ್ ಉಳಿತಾಯ, ವಾಹನಗಳ ಎಣಿಕೆ, ಪಾರ್ಕಿಂಗ್ ಮಾಹಿತಿ ಇವು ಉದ್ದೇಶ ಎಂದು ಹೇಳಲಾಗಿತ್ತು. ದೀಪದಲ್ಲಿ ಕ್ಯಾಮೆರಾ ಇತ್ತು. ಮುಂದೆ ಪೊಲೀಸರು ಆ ದೃಶ್ಯಗಳನ್ನು ಬಳಸತೊಡಗಿದರು. ಜನರಿಗೆ ಗೊತ್ತಾದಾಗ ದೊಡ್ಡ ವಿರೋಧ ಬಂತು, 2020ರ ಸೆಪ್ಟೆಂಬರಿನಲ್ಲಿ ಮೇಯರ್ ಆ ಕ್ಯಾಮೆರಾಗಳನ್ನು ನಿಲ್ಲಿಸಲು ಆದೇಶಿಸಬೇಕಾಯಿತು. 2022ರಲ್ಲಿ ಅಲ್ಲಿ ಇಂಥ ಸಾಧನಗಳ ಮೇಲೆ ನಿಗಾ ಇಡುವ ಕಾನೂನೇ ಬಂತು. ಮರುವರ್ಷ ಆ ಕಾನೂನಿನಡಿ ಚರ್ಚೆ ನಡೆಸಿ ಹೊಸ ಕ್ಯಾಮೆರಾ ದೀಪಗಳಿಗೆ ಒಪ್ಪಿಗೆಯನ್ನೂ ಕೊಟ್ಟರು. ಈ ಸಲ ಉದ್ದೇಶವೇನೆಂದು ಜನರಿಗೆ ಮೊದಲೇ ಗೊತ್ತಿತ್ತು, ಪರವಾಗಿಯೂ ವಿರೋಧವಾಗಿಯೂ ಮಾತಾಡಲು ಅವಕಾಶವಿತ್ತು.

ನಮ್ಮ ಕಾನೂನು ಏನು ಹೇಳುತ್ತದೆ?

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುವಂತೆ ಮಾಡಲಾಗಿದೆ. ಆದರೆ ಆ ಕಾಯ್ದೆಯಲ್ಲಿ ಸರ್ಕಾರ ತನ್ನದೇ ಕೆಲವು ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅವಕಾಶವಿದೆ ಎಂಬುದನ್ನು ಮರೆಯಬಾರದು.

ನಮ್ಮಂಥವರಿಗೆ ಹತ್ತಿರದ ಸಾಧನ ಇಂದಿಗೂ 2005ರ ಮಾಹಿತಿ ಹಕ್ಕು ಕಾಯ್ದೆಯೇ. ಸ್ಮಾರ್ಟ್ ಸಿಟಿ ಕಂಪನಿಗಳು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಒಡೆತನದವು. ಆದ್ದರಿಂದ ಅವೂ ಉತ್ತರ ಕೊಡಬೇಕು. ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ತಪ್ಪಾದ ಕಚೇರಿಗೆ ಕೊಟ್ಟರೂ ಅವರು 5 ದಿನದೊಳಗೆ ಸರಿಯಾದ ಕಚೇರಿಗೆ ಕಳುಹಿಸಬೇಕು.

ಸಂಘದಲ್ಲಿ ಕುಳಿತು ಕೇಳಬೇಕಾದ ಏಳು ಪ್ರಶ್ನೆಗಳು

ನಿಮ್ಮ ವಾರ್ಡಿಗೆ ಹೊಸದಾಗಿ ಯಾವುದಾದರೂ ಸೆನ್ಸರ್, ಕ್ಯಾಮೆರಾ, ಮೀಟರ್, ಆ್ಯಪ್ ಬಂದರೆ ಈ ಪ್ರಶ್ನೆಗಳನ್ನು ಇಟ್ಟುಕೊಂಡು ಚರ್ಚಿಸಿ.

1. ಇದು ಏನನ್ನು ಅಳೆಯುತ್ತದೆ? ಏನನ್ನು ಅಳೆಯುವುದಿಲ್ಲ?
2. ಮಾಹಿತಿ ಎಲ್ಲಿಗೆ ಹೋಗುತ್ತದೆ? ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಯಾರು ಯಾರು ನೋಡಬಹುದು?
3. ಯಂತ್ರ ಹೇಳಿದ ಮೇಲೆ ಕೆಲಸ ಮಾಡುವವರು ಯಾರು? ಅವರ ಸಂಖ್ಯೆ ಸಾಕಷ್ಟಿದೆಯೇ?
4. ಸ್ಮಾರ್ಟ್‌ಫೋನ್ ಇಲ್ಲದವರು, ಓದಲು ಬಾರದವರು, ಮನೆ ನಂಬರ್ ಇಲ್ಲದವರು ಇದರಲ್ಲಿ ಹೇಗೆ ಸೇರುತ್ತಾರೆ?
5. ಯಂತ್ರ ತಪ್ಪು ಮಾಡಿದರೆ ಯಾರ ಹತ್ತಿರ ಹೋಗಬೇಕು?
6. ಮುಂದಿನ ವರ್ಷ ಇದರ ನಿರ್ವಹಣೆಗೆ ಹಣ ಎಲ್ಲಿಂದ ಬರುತ್ತದೆ?
7. ಹಾಕುವ ಮೊದಲು ಇಲ್ಲಿಯ ಜನರನ್ನು ಕೇಳಿದ್ದಾರೆಯೇ?

ಎಲ್ಲವನ್ನೂ ಒಟ್ಟಿಗೆ ಕೇಳಬೇಕಾಗಿಲ್ಲ. ಒಂದು ತಿಂಗಳು ದೀಪದ ವಿಷಯ, ಇನ್ನೊಂದು ತಿಂಗಳು ನೀರಿನ ವಿಷಯ ತೆಗೆದುಕೊಳ್ಳಿ. ಮೊದಲು ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿ ಎಷ್ಟು ದೀಪ ಉರಿಯುತ್ತಿಲ್ಲ, ಎಷ್ಟು ಮನೆಗೆ ಕಾರ್ಡ್ ಇಲ್ಲ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ವಾರ್ಡ್ ಸಮಿತಿ ಇರುವಲ್ಲಿ ಅದರ ಸಭೆಗೆ, ಇಲ್ಲದ ಕಡೆ ಪಾಲಿಕೆಯ ವಲಯ ಕಚೇರಿಗೆ ಆ ಪಟ್ಟಿ ಹಿಡಿದು ಹೋಗಿ. ಕಂಟ್ರೋಲ್ ರೂಮಿನ ಪರದೆಯಲ್ಲಿ ಕಾಣುವುದಕ್ಕೂ ನಿಮ್ಮ ನೋಟ್‌ಬುಕ್‌ನಲ್ಲಿ ಇರುವುದಕ್ಕೂ ವ್ಯತ್ಯಾಸ ಇದ್ದರೆ ಅಲ್ಲೇ ಮಾತು ಶುರು ಮಾಡಿ.

ಮನೆಯಲ್ಲಿ ಮಾಡಬಹುದಾದ ಕೆಲಸವೂ ಒಂದಿದೆ. ನೀರು, ಕಸ, ರೇಷನ್, ಗ್ಯಾಸ್ ಇವುಗಳ ಸಂದೇಶ ಬರುವ ಕಡೆಯೆಲ್ಲ ಮನೆಯಲ್ಲಿರುವ ಹೆಣ್ಣುಮಗಳ ನಂಬರನ್ನೂ ಕೊಡಿ. ಅವಳಿಗೆ ಸ್ವಂತ ಫೋನ್ ಇಲ್ಲದಿದ್ದರೆ ಸಂಘದ ಉಳಿತಾಯದಿಂದ ಒಂದು ಸಾದಾ ಫೋನ್ ಕೊಳ್ಳುವುದು ದುಂದುವೆಚ್ಚ ಅಲ್ಲ.

ಊರನ್ನು ಜಾಣ ಮಾಡಲು ತಂತಿ, ಚಿಪ್ಪು, ಪರದೆ ಬೇಕಿರಬಹುದು. ಆದರೆ ವಾಲ್ವ್ ತಿರುಗಿಸುವವನ ಕಷ್ಟ ಕೇಳುವ, ಪೊರಕೆ ಹಿಡಿದವಳನ್ನು ಚುಕ್ಕಿಯೆಂದು ನೋಡದ, ನಂಬರಿಲ್ಲದ ಗುಡಿಸಲನ್ನೂ ಎಣಿಕೆಗೆ ಸೇರಿಸುವ ಜನ ಅದಕ್ಕಿಂತ ಮೊದಲು ಬೇಕು. ಆ ಕೆಲಸ ಮಾಡಲು ಯಾವ ಟೆಂಡರಿಗೂ ಕಾಯಬೇಕಾಗಿಲ್ಲ. ಮುಂದಿನ ಸಂಘದ ಸಭೆಯಲ್ಲಿ ಮೇಲಿನ ಏಳರಲ್ಲಿ ಒಂದು ಪ್ರಶ್ನೆಯನ್ನಾದರೂ ಎತ್ತಿಕೊಳ್ಳಿ. ಸಿಕ್ಕ ಉತ್ತರವನ್ನು ನಮ್ಮ ಕಾರ್ಯಕರ್ತರಿಗೂ ತಿಳಿಸಿ, ಇತರ ವಾರ್ಡಿನವರಿಗೆ ಅದು ಉಪಯೋಗಕ್ಕೆ ಬರುತ್ತದೆ.